ಖಾನಾಪುರ ಬಿಡದ ರೈಲು

ಈ ಶ್ರಾವಣದಿಂದ ನಾನು ಏಕಾಗ್ರಚಿತ್ತನಾಗುತ್ತೇನೆ ಎಂದು ಹೆಂಡತಿ, ಮಗಳು ಹಾಗೂ ನಲವತ್ತು ತಲೆದಿಂಬುಗಳ ಸಮಕ್ಷಮದಲ್ಲಿ ಘೋಷಿಸಿಬಿಟ್ಟೆ! ತಲೆದಿಂಬುಗಳು ತುಟಿಪಿಟಕ್ಕೆನ್ನದೆ ಒಪ್ಪಿಕೊಂಡವು. ಮಗಳು ಸೃಷ್ಟಿ ಮೊಬೈಲಿನಿಂದ ತಲೆ ಎತ್ತಲಿಲ್ಲ. ಹೆಂಡತಿ ಪದ್ಮಶ್ರೀ ಮಾತ್ರ, "ಇದು ಅಪ್ಪಟ ಬೂರುಗದ ಅರಳೆ" ಎಂದು ನಾನು ಆಣೆ ಮಾಡಿದಾಗ ಗಿರಾಕಿ ನೋಡುತ್ತಾನಲ್ಲ, ಹಾಗೆ ನೋಡಿದಳು.

"ಏಕಾಗ್ರ ಅಂದ್ರ ಏನ ಮಾಡಾವ್ರು ನೀವು?"

"ಒಂದ ಕೆಲಸ ಹಿಡದ್ರ ಅದೊಂದ. ಆಜೂಬಾಜೂ ಏನಿದ್ರೂ ಕಣ್ಣಿಗೆ ಕಾಣಬಾರದು."

"ಆಜೂಬಾಜೂ ಕಾಣಲಾರದ್ದಕ್ಕನ ನಾಲ್ಕ ವರ್ಷದಿಂದ ನನ್ನ ತವರಮನಿ ಬಾಗಲಾ ಮುಚ್ಚೈತಿ. ಇನ್ನ ಅದನ್ನ ಕುಂತು ಅಭ್ಯಾಸ ಬ್ಯಾರೆ ಮಾಡ್ತೀರಿ?"

ಈ ಮಾತಿಗೆ ಹಿನ್ನೆಲೆಯುಂಟು. ಹೇಳಲು ನಾಚಿಕೆ, ಆದರೆ ಬೆಳಗಾವಿಯ ಅರ್ಧ ಊರಿಗೆ ಈಗಾಗಲೇ ಗೊತ್ತಿರುವುದನ್ನು ನಿಮ್ಮಿಂದ ಮುಚ್ಚಿಟ್ಟು ಏನು ಉಪಯೋಗ?

ಶಹಾಪುರದಲ್ಲಿ ನಮ್ಮದೊಂದು ಗಾದಿ ಅಂಗಡಿ. ಗಾದಿ, ಲೋಡು, ತಲೆದಿಂಬು ಎಂದು ಮನುಷ್ಯ ಮಲಗುವುದಕ್ಕೆ ಬೇಕಾದದ್ದೆಲ್ಲ ಸಿಗುತ್ತದೆ. ನಿದ್ದೆಯೊಂದನ್ನು ಗಿರಾಕಿ ತಾನೇ ತರಬೇಕು. ಪದ್ಮಶ್ರೀಯ ತವರು ಖಾನಾಪುರ. ಅಲ್ಲಿ ಅವಳ ತಮ್ಮ ಗೌರೀಶನದು ಹೆಂಚಿನ ಭಟ್ಟಿ. ನಾಗರಪಂಚಮಿ ಬಂತೆಂದರೆ ಉಂಡಿಯ ಡಬ್ಬಿ ಹಿಡಿದು ಅಕ್ಕನನ್ನು ಕರೆಯಲು ಬರುವುದು ಅವನ ಪಾಲಿನ ಕೆಲಸ. ನಮ್ಮ ಕಡೆ ಹೆಣ್ಣುಮಗಳಿಗೆ ಎಪ್ಪತ್ತಾದರೂ ಪಂಚಮಿಗೆ ಅಣ್ಣನೋ ತಮ್ಮನೋ ಹೊಸ್ತಿಲಿಗೆ ಬಂದು ಕರೆಯಬೇಕು. ಫೋನಿನಲ್ಲಿ ಕರೆದರೆ ಅದು ಲೆಕ್ಕಕ್ಕಿಲ್ಲ. ಕರೆಯದೆ ತಾನಾಗಿ ಹೋದರಂತೂ ತವರಿನ ಓಣಿಯೇ ಬಾಗಿಲಿಗೆ ಬಂದು ನಿಂತು ನೋಡುತ್ತದೆ.

ನಾಲ್ಕು ವರ್ಷದ ಹಿಂದೆ ಗೌರೀಶ ಹಾಗೆಯೇ ಡಬ್ಬಿ ಹಿಡಿದು ನೇರ ಅಂಗಡಿಗೆ ಬಂದ. ನಾನು ಕಂಪ್ಯೂಟರಿನ ಮುಂದೆ ಯುದ್ಧದಲ್ಲಿದ್ದೆ. ಏನೋ ಒಂದು ಲೇಖನ ಓದೋಣವೆಂದು ತೆರೆದರೆ ತೆರೆಯ ತುಂಬ ಜಾಹೀರಾತು! ಒಂದನ್ನು ಮುಚ್ಚಿದರೆ ಎರಡು ಹುಟ್ಟುತ್ತಿದ್ದವು. ಎದುರಿಗೆ ಯಾರದೋ ನೆರಳು ಬಿದ್ದದ್ದು ಗೊತ್ತಾಯಿತು. ಹತ್ತು ನಿಮಿಷವಾದರೂ ನೆರಳು ಅಲ್ಲಾಡಲಿಲ್ಲ. ತಲೆ ಎತ್ತದೆಯೇ, ಅಂಗಡಿಕಾರನ ಪರಮ ವಿನಯದಿಂದ ಕೇಳಿದೆ.

"ಎಷ್ಟ ಇಂಚಿಂದ ಬೇಕಾಗಿತ್ರಿ? ಸಿಂಗಲ್ಲೋ, ಡಬಲ್ಲೋ?"

ತಲೆ ಎತ್ತುವ ಹೊತ್ತಿಗೆ ಅರಳೆಯ ರಾಶಿಯ ಮೇಲೆ ಉಂಡಿಯ ಡಬ್ಬಿಯೊಂದೇ ಕುಳಿತಿತ್ತು. ಗೌರೀಶ ಖಾನಾಪುರದ ದಾರಿ ಹಿಡಿದಿದ್ದ. ಊರಿಗೆ ಹೋದವನೇ ಹಿರಿಯರ ಮುಂದೆ ಆಣೆ ಮಾಡಿದನಂತೆ: "ಮಾಮಾ ತಾವಾಗಿ ಸ್ಟೇಷನ್ನಿಗೆ ಬಂದು, ಮಾಲಿ ಹಾಕಿ, ಕೈಹಿಡದ ಕರಕೊಂಡ ಹೋಗೂತನಕಾ ಅವರ ಹೊಸ್ತಲಾ ತುಳಿಯೂದಿಲ್ಲ!"

ಅಂದಿನಿಂದ ಪ್ರತಿ ಪಂಚಮಿಗೆ ಓಣಿಯ ಹೆಣ್ಣುಮಕ್ಕಳು ಜೋಕಾಲಿ ಜೀಕುವಾಗ ಪದ್ಮಶ್ರೀ ಮಾಳಿಗೆಯ ಮೇಲೆ ನಿಂತು, ಒಣಗಿದ ಬಟ್ಟೆಗಳನ್ನೇ ಝಾಡಿಸಿ ಮಡಚಿ, ಮಡಚಿದ್ದನ್ನು ಬಿಚ್ಚಿ ಮತ್ತೆ ಝಾಡಿಸುತ್ತಿದ್ದಳು. ಎಲ್ಲವನ್ನೂ ಕಾಣದೆ ಬಿಡುವ ನನ್ನ ಕಣ್ಣಿಗೂ ಅದು ಕಂಡಿತ್ತು. ಕಂಡು ಮಾಡುವುದೇನು? ಅರಳೆಯನ್ನಾದರೆ ಬಡಿದು ಮೆತ್ತಗೆ ಮಾಡಬಹುದು. ಭಟ್ಟಿಯಲ್ಲಿ ಸುಟ್ಟ ಹೆಂಚನ್ನು ಏನು ಮಾಡುತ್ತೀರಿ?

ಈ ವರ್ಷ ಹಿರಿಯರು ನಡುವೆ ಬಿದ್ದು ಗೌರೀಶನನ್ನು ಒಪ್ಪಿಸಿದರು. ಪಂಚಮಿಗೆ ಎರಡು ದಿನ ಮುಂಚೆ, ಶನಿವಾರ, ಹನ್ನೊಂದರ ರೈಲಿಗೆ ಬರುತ್ತಾನೆ. ನಾನು ಬೆಳಗಾವಿ ಸ್ಟೇಷನ್ನಿನಲ್ಲಿ ಮಾಲೆ ಹಿಡಿದು ನಿಂತಿರಬೇಕು. ಇಷ್ಟೇ! ನಿಲ್ಲುವುದು! ಕಂಬಕ್ಕೂ ಸಾಧ್ಯವಾಗುವ ಕೆಲಸ. ಆದರೂ ಮನೆಯವರಿಗೆ ನನ್ನ ಮೇಲೆ ನಂಬಿಕೆ ಬಾರದ್ದರಿಂದ ಏಕಾಗ್ರತೆಯ ಘೋಷಣೆ ಮಾಡಬೇಕಾಯಿತು.

ದಾರಿ ತೋರಿಸಿದವಳು ಮಗಳು.

"ಅಪ್ಪಾ, ನಿಮಗ ಬೇಕಾಗಿದ್ದು ರೀಡಿಂಗ್ ಮೋಡ್," ಎಂದು ಅಂಗಡಿಯ ಕಂಪ್ಯೂಟರಿನಲ್ಲಿ, ವಿಳಾಸದ ಪಟ್ಟಿಯ ತುದಿಗೆ ಪುಸ್ತಕದ ಹಾಳೆಯಂಥ ಪುಟ್ಟ ಚಿತ್ರವೊಂದನ್ನು ಒತ್ತಿದಳು.

ಆಹಾ! ಏನು ಹೇಳಲಿ!

ಜಾಹೀರಾತುಗಳು ಬೇರೆ ಯಾವುದರದಾದರೂ ಆಗಿದ್ದರೆ ಸಹಿಸುತ್ತಿದ್ದೆ ಸ್ವಾಮಿ. ಎಲ್ಲವೂ ಗಾದಿಯವು! ಯಾವುದೋ ಕಂಪನಿಯ ಗಾದಿ ಹೇಗಿದೆ ಎಂದು ಒಮ್ಮೆ ಕದ್ದು ನೋಡಿದ ತಪ್ಪಿಗೆ ಜಗತ್ತಿನ ಗಾದಿಗಳೆಲ್ಲ ಬೆನ್ನು ಹತ್ತಿದ್ದವು. ನನ್ನದೇ ಅಂಗಡಿಯಲ್ಲಿ, ನಾನೇ ತುಂಬಿಸಿದ ಗಾದಿಯ ಮೇಲೆ ಕುಳಿತ ನನ್ನನ್ನು, "ನಿಮ್ಮ ಬೆನ್ನು ನೋಯುತ್ತಿದೆಯೇ?" ಎಂದು ಕೇಳುತ್ತಿದ್ದವು. ನೋಯುತ್ತಿತ್ತು, ಆದರೆ ಅದನ್ನು ಅವರ ಮುಂದೆ ಒಪ್ಪಿಕೊಳ್ಳುವುದುಂಟೆ? ಈಗ ಮಗಳು ಒತ್ತಿದ ಒಂದೇ ಒತ್ತಿಗೆ ಅವೆಲ್ಲ ಮಾಯ! ಮಿನುಗುವುದು, ಜಾರುವುದು, ಹಾರಿ ಬರುವುದು ಎಲ್ಲ ಹೋಗಿ, ಹಾಲಿಗೆ ಎರಡು ಎಸಳು ಕೇಸರಿ ಬಿದ್ದ ಬಣ್ಣದ ಹಾಳೆ. ಅದರ ಮೇಲೆ ದುಂಡಗೆ, ದೊಡ್ಡದಾಗಿ ಅಕ್ಷರ. ಮೇಲುಗಡೆ ಚಿಕ್ಕದಾಗಿ "೧೨ ನಿಮಿಷ" ಎಂದೇನೋ ಇತ್ತು. ಚಿಕ್ಕ ಅಕ್ಷರದಲ್ಲಿ ಬರೆದದ್ದನ್ನು ನಾನು ಯಾವ ಕಾಗದದಲ್ಲೂ ಓದುವವನಲ್ಲ.

ಮೊದಲು ಓದಿದ್ದು ಹಲಸಿ ಊರಿನ, ಅರಸರ ಕಾಲದ ಹಳೆಯ ಗುಡಿಗಳ ಬಗ್ಗೆ. ಓದುತ್ತ ಓದುತ್ತ ಅಂಗಡಿ ಕರಗಿತು. ರಸ್ತೆಯ ಹಾರನ್ನು ದೂರವಾಯಿತು. ಗಾದಿ ಹೊಲಿಯುವ ನಮ್ಮ ಸಿದ್ದಪ್ಪಜ್ಜ ಮೂಲೆಯಲ್ಲಿ ಸೂಜಿಯಿಂದ ಟಾಕು ಹಾಕುವ ಸದ್ದು ಯಾರೋ ಕಲ್ಲಿಗೆ ಉಳಿ ಮುಟ್ಟಿಸಿದಂತೆ ಕೇಳಿಸಿತು. ಅರಳೆಯ ಎಳೆಗಳು ಬಿಸಿಲಕೋಲಿನಲ್ಲಿ ಮೆಲ್ಲಗೆ ಏಳುತ್ತ ಇಳಿಯುತ್ತ ಇದ್ದವು. ನಾನು ಬರಿಗಾಲಿನಲ್ಲಿ ತಂಪು ಕಲ್ಲಿನ ಮೇಲೆ ನಡೆಯುತ್ತಿದ್ದೆ. ಎದುರಿಗೊಬ್ಬ ಅರಸ ಬಂದು, "ಬಸವಪ್ರಸಾದಾ, ನಾಲ್ಕು ಇಂಚಿನದು ಸಾಕೋ, ಆರು ಬೇಕೋ?" ಎಂದ. ಬೆಚ್ಚಿ ನೋಡಿದರೆ ಗಿರಾಕಿ! ಮಾಲನ್ನು ಅವನೇ ಆರಿಸಿಕೊಂಡು, ಇಂಚೂ ಅವನೇ ಅಳೆದುಕೊಂಡು ಹೋದ. ನೋಡಿದಿರಾ? ಏಕಾಗ್ರತೆಯಿಂದ ವ್ಯಾಪಾರಕ್ಕೂ ಹಾನಿಯಿಲ್ಲ!

ಅಂದಿನಿಂದ ಕಂಡದ್ದನ್ನೆಲ್ಲ ರೀಡಿಂಗ್ ಮೋಡಿಗೆ ಹಾಕತೊಡಗಿದೆ. ಸುದ್ದಿ, ಹವಾಮಾನ, ಪಂಚಾಂಗ, ಕರೆಂಟ್ ಬಿಲ್ಲು! ಕೊನೆಗೆ ಹೆಂಡತಿಯ ಮಾತನ್ನೂ ಅದೇ ರೀತಿ ಕೇಳಲು ಶುರು ಮಾಡಿದೆ. ಅವಳು ಇಪ್ಪತ್ತು ವಾಕ್ಯ ಹೇಳಿದರೆ ಅಂಚಿನ ಹದಿನೆಂಟನ್ನು ತೆಗೆದು ನಡುವಿನ ಎರಡನ್ನು ಇಟ್ಟುಕೊಳ್ಳುವುದು. ಮೂವತ್ತು ವರ್ಷದ ಸಂಸಾರದಲ್ಲಿ ಇಂಥ ನೆಮ್ಮದಿ ಕಂಡಿರಲಿಲ್ಲ.

ಶನಿವಾರ ಬೆಳಿಗ್ಗೆ ಅವಳು ಬಾಗಿಲಲ್ಲಿ ನಿಂತು ಹೇಳಿದಳು: "ಮಾಲಿ ಬಾಡಬಾರದಂತ ಒದ್ದಿ ಅರಿವ್ಯಾಗ ಸುತ್ತೀನಿ. ಹತ್ತೂವರಿಗೆ ಅಂಗಡಿ ಬಿಡ್ರಿ. ಸ್ಟೇಷನ್ನಿನ್ಯಾಗ ಚಾ ಕುಡಕೋತ ನಿಂದರಬ್ಯಾಡ್ರಿ. ಅಂವ ಇಳಿಯೂ ಮೊದ್ಲ ನೀವು ಕಾಣಬೇಕು. ಗಾಡಿ ತಡ ಆದ್ರೂ ಅಲ್ಲೇ ಇರ್ರಿ. ಕೇಳಸ್ತೋ ಇಲ್ಲೋ?"

"ಕೇಳಸ್ತು. ಸ್ಟೇಷನ್, ಮಾಲಿ."

"ಅಷ್ಟ ಕೇಳಸ್ತೇನು?"

"ಮುಖ್ಯವಾದದ್ದು ಕೇಳಸ್ತು."

ಅವಳು ದನಿ ಇಳಿಸಿ, "ಈ ಸಲ ಅಂವ ತಿರುಗಿ ಹೋದ್ರ ಇನ್ನ ಜೀವಮಾನದಾಗ ಬರೂದಿಲ್ರಿ," ಎಂದಳು. ಹಿಂದೆ ಪಡಸಾಲೆಯಲ್ಲಿ ಅವಳ ಬ್ಯಾಗು ಕಟ್ಟಿ ಸಿದ್ಧವಾಗಿತ್ತು. ಮೇಲೆ ಹೊಸ ಇಳಕಲ್ ಸೀರೆಯ ಅಂಚು ಇಣುಕುತ್ತಿತ್ತು.

ಅದನ್ನು ನೋಡಿ ನನ್ನ ಸಂಕಲ್ಪ ಉಕ್ಕಿನಂತಾಯಿತು! ಅಂಗಡಿಗೆ ಬಂದವನೇ ಮೊದಲು ಮೊಬೈಲಿನ ಕಾಟ ಬೇಡವೆಂದು ಅದರ ಸದ್ದಡಗಿಸಿ ಒಂದು ತಲೆದಿಂಬಿನ ಗವಸಿನೊಳಗೆ ತುರುಕಿದೆ. ಹತ್ತು ಇಪ್ಪತ್ತಕ್ಕೆ ಕಂಪ್ಯೂಟರ್ ತೆರೆದೆ. ರೈಲು ಎಲ್ಲಿದೆ ಎಂದು ತಿಳಿಯದೆ ಹೋಗಿ ಸ್ಟೇಷನ್ನಿನಲ್ಲಿ ಕಾಲು ನೋಯಿಸಿಕೊಳ್ಳುವುದು ಹಳೆಯ ಕಾಲದವರ ಪದ್ಧತಿ! ಈಗ ಯಾವ ರೈಲು ಯಾವ ಊರಿನಲ್ಲಿದೆ ಎಂಬುದನ್ನು ಕುಳಿತಲ್ಲೇ ತೋರಿಸುವ ಪುಟಗಳಿವೆ. ಅಂಥದೊಂದನ್ನು ತೆರೆದೆ. ತೆರೆದೊಡನೆ ಮೂರು ಗಾದಿ ಬಂದು ಬಿದ್ದವು. ನಕ್ಕು, ಪುಸ್ತಕದ ಚಿತ್ರವನ್ನು ಒತ್ತಿದೆ.

ಕೇಸರಿಹಾಲಿನ ಹಾಳೆ ಹರಡಿತು. ಅದರ ನಡುವೆ ಎರಡೇ ಸಾಲು.

"ಗಾಡಿಯು ಖಾನಾಪುರ ನಿಲ್ದಾಣದಲ್ಲಿದೆ. ಹದಿನಾಲ್ಕು ನಿಮಿಷ ತಡ."

ಎಂಥ ಸಾಲುಗಳು! ಎಷ್ಟು ಶಾಂತ! ಓದುತ್ತಿದ್ದಂತೆ ಖಾನಾಪುರದ ಸ್ಟೇಷನ್ನು ಕಣ್ಣ ಮುಂದೆ ಎದ್ದಿತು. ಜಿನುಗುವ ಮಳೆ. ತೊಯ್ದ ಪ್ಲಾಟ್‌ಫಾರ್ಮು. ಕಿಟಕಿಯ ಪಕ್ಕ ಗೌರೀಶ, ಅವನ ತೊಡೆಯ ಮೇಲೆ ಡಬ್ಬಿ, ಡಬ್ಬಿಯೊಳಗೆ ಶೇಂಗಾ ಉಂಡಿ, ಎಳ್ಳುಂಡಿ, ಅರಳಿನ ಉಂಡಿ ಒಂದಕ್ಕೊಂದು ತಾಗದಂತೆ ಕುಳಿತಿವೆ. ಎಂಜಿನ್ನು ಹೊರಡುವ ಮನಸ್ಸಿಲ್ಲದೆ ನಿಂತಿದೆ. ಅವಸರ ಯಾರಿಗೂ ಇಲ್ಲ. ನನಗಂತೂ ಮೊದಲೇ ಇಲ್ಲ.

ಅಂಗಡಿಯ ಹಳೆಯ ಟೆಲಿಫೋನು ರಿಂಗಣಿಸಿತು. ಹೆಂಡತಿ.

"ಇನ್ನೂ ಅಂಗಡ್ಯಾಗ ಅದೀರೇನ್ರೀ! ಹತ್ತೂಮುಕ್ಕಾಲಾತು! ಮೊಬೈಲ್ ಯಾಕ ಎತ್ತವಲ್ರಿ?"

"ಗಾಡಿ ಇನ್ನೂ ಖಾನಾಪುರ ಬಿಟ್ಟಿಲ್ಲ. ಇಲ್ಲೇ ಕಣ್ಣ ಮುಂದ ಐತಿ."

ಹನ್ನೊಂದೂಕಾಲಿಗೆ ಮತ್ತೆ ರಿಂಗಣಿಸಿತು. "ಈಗ?"

"ಖಾನಾಪುರ."

ಹನ್ನೊಂದೂಮುಕ್ಕಾಲು. "ಈಗರ?"

"ಪದ್ಮಾ, ಅದು ನಿಂತಲ್ಲೇ ನಿಂತೈತಿ. ನೀನೂ ಅದರಂಗ ಸ್ವಲ್ಪ ಸಮಾಧಾನದಿಂದ ಇರು."

ಆಚೆಯಿಂದ ರಿಸೀವರ್ ಇಟ್ಟ ಸದ್ದಿನಲ್ಲಿ ಸಮಾಧಾನ ಇರಲಿಲ್ಲ.

ಅಷ್ಟರಲ್ಲಿ ಪಕ್ಕದ ಸ್ಟೀಲ್ ಪಾತ್ರೆ ಅಂಗಡಿಯ ಮಾರ್ತಾಂಡ ಒಳಗೆ ಬಂದ. ಅವನ ಅತ್ತೆ ರಾಧಾಬಾಯಿ ಲೋಂಡಾದಿಂದ ಅದೇ ರೈಲಿಗೆ ಬರುವವರಿದ್ದರು. ಬೆಳಿಗ್ಗೆ ಹತ್ತೂವರೆಗೇ ನನ್ನ ಬಾಯಿಂದ "ಖಾನಾಪುರ" ಎಂದು ಕೇಳಿ, ಖುಷಿಯಿಂದ ಒಂದು ನಿದ್ದೆ ಹೊಡೆದು ಎದ್ದುಬಂದಿದ್ದ.

"ಬಸಣ್ಣಾ, ನಮ್ಮ ಸಾಸೂಬಾಯಿ ಎಲ್ಲಿ ತನಕಾ ಬಂದ್ರು?"

"ನಿಮ್ಮ ಪುಣ್ಯಾ. ಇನ್ನೂ ಖಾನಾಪುರ."

ಅವನು ಬಗ್ಗಿ ತೆರೆಯನ್ನು ನೋಡಿದ. "ಅರೇ, ಇಲ್ಲೆ ಮ್ಯಾಲೆ ಸಣ್ಣಂಗ 'ಒಂದು ನಿಮಿಷ' ಅಂತ ಬರದೈತೆಲ್ಲ! ಒಂದ ನಿಮಿಷದಾಗ ಬಿಡತೈತಿ!"

ಇಬ್ಬರೂ ಉಸಿರು ಬಿಗಿಹಿಡಿದು ಒಂದು ನಿಮಿಷ ಕಾದೆವು. ಹಾಳೆ ಅಲ್ಲಾಡಲಿಲ್ಲ. ಇನ್ನೊಂದು ನಿಮಿಷ ಕಾದೆವು. ಆಗಲೂ "ಒಂದು ನಿಮಿಷ" ಎಂದೇ ಇತ್ತು. ಹೀಗೆ ಹದಿನೈದು ಸಲ ಒಂದು ನಿಮಿಷ ಕಾದ ಮೇಲೆ ಮಾರ್ತಾಂಡನ ಮುಖ ಗಂಭೀರವಾಯಿತು.

"ಬಸಣ್ಣಾ, ಇದು ಬಿಡೂ ಲಕ್ಷಣ ಅಲ್ಲ. ಖರೇ ಹೇಳ್ತೀನಿ, ಹಳಿ ಮ್ಯಾಲೆ ಗುಡ್ಡಾ ಬಿದ್ದಿರಬೇಕು."

ಗುಡ್ಡ! ಗುಡ್ಡ ಬಿದ್ದರೆ ಗೌರೀಶ ರೈಲಿನಿಂದ ಇಳಿದು ಮನೆಗೆ ಹೋಗಿಬಿಡುತ್ತಾನೆ. ಅವನ ಮನೆ ಸ್ಟೇಷನ್ನಿನಿಂದ ಎರಡು ಹೆಜ್ಜೆ. ಹೋದವನು ಮತ್ತೆ ಹೊರಡುತ್ತಾನೆಯೇ? ಪಡಸಾಲೆಯಲ್ಲಿದ್ದ ಬ್ಯಾಗು ಕಣ್ಣ ಮುಂದೆ ಬಂತು. ಆಮೇಲೆ ಮಾಳಿಗೆ ಬಂತು, ಒಣಗಿದ ಬಟ್ಟೆ ಬಂತು.

ಎದ್ದು ನಿಂತೆ! ನಾನು ಎದ್ದ ರಭಸಕ್ಕೆ ಎರಡು ಲೋಡು ಉರುಳಿದವು!

"ಮಾರ್ತಾಂಡ, ರೈಲು ನಮ್ಮ ಕಡೆ ಬರೂದಿಲ್ಲಂದ್ರ ನಾವ ರೈಲಿನ ಕಡೆ ಹೋಗೂಣು! ಕಾರ್ ತಗೀತೀನಿ. ನಿಮ್ಮ ಅತ್ತೀನೂ ಕರಕೊಂಡ ಬರೂಣು!"

"ಅತ್ತೀನ್ನ ಅವಸರದಿಂದ ಕರಕೊಂಡ ಬರೂ ಜರೂರ ಇರಲಿಲ್ಲ," ಎಂದು ಗೊಣಗುತ್ತಲೇ ಅವನು ಚಪ್ಪಲಿ ಮೆಟ್ಟಿದ.

ಸಿದ್ದಪ್ಪಜ್ಜ ಸೂಜಿಯಿಂದ ತಲೆ ಎತ್ತಿದ. "ಸಾಹುಕಾರ್ರ, ಒಂದ ಸಲ ಅವರಿಗೆ ಫೋನ್ ಹಚ್ಚಿ ಕೇಳಬಾರದೇನ್ರಿ?"

"ಅಜ್ಜಾ, ನಾಲ್ಕ ವರ್ಷ ಮಾತ ಬಿಟ್ಟಾಂವಗ ಫೋನ್ ಹಚ್ಚಿ 'ಎಲ್ಲಿದಿ' ಅಂತ ಕೇಳೂದು? ಅದೇನ ಮರ್ಯಾದಿ? ಮಾರ್ತಾಂಡ, ನಿಮ್ಮ ಅತ್ತಿಗೆ?"

"ಅವರಿಗೆ ಮೊಬೈಲ್ ಕೊಡಸೀನಿ. ಹಾಳಾಗತೈತಿ ಅಂತ ಅರಿವ್ಯಾಗ ಸುತ್ತಿ ಟ್ರಂಕಿನ್ಯಾಗ ಇಟ್ಟಾರ."

ಹನ್ನೆರಡೂಕಾಲಿಗೆ ಹೊರಟೆವು. ಮೊಬೈಲು ತಲೆದಿಂಬಿನಲ್ಲೇ ಉಳಿಯಿತು. ಮಾಲೆ ನನ್ನ ಮಡಿಲಿನಲ್ಲಿತ್ತು. ಊರು ದಾಟಿದಂತೆ ಮಳೆ ನಿಂತು ಮಂಜಿನಂಥ ಬೆಳಕು ಹರಡಿತು. ಎರಡೂ ಕಡೆ ಹಸಿರು ಗದ್ದೆ, ನಡುವೆ ತೊಳೆದಿಟ್ಟ ರಸ್ತೆ. ರಸ್ತೆಬದಿಯ ಬೋರ್ಡುಗಳು ಮಂಜಿನಲ್ಲಿ ಅಳಿಸಿಹೋಗಿದ್ದವು. ದೇವರೇ ಭೂಮಿಯನ್ನು ರೀಡಿಂಗ್ ಮೋಡಿಗೆ ಹಾಕಿದ್ದಾನೆ ಎನಿಸಿತು! ಮೆತ್ತಗೆ ಕನಸಿಗೆ ಜಾರಿದೆ. ಕಣ್ಣು ತೆರೆದೇ ಇತ್ತು, ಗಾಬರಿಯಾಗಬೇಡಿ. ಕನಸಿನಲ್ಲಿ ಗುಡ್ಡದ ಮಣ್ಣು ಸರಿಸಿ, ಬೋಗಿ ಬೋಗಿ ಹುಡುಕಿ, ಮೈದುನನ ಕೊರಳಿಗೆ ಮಾಲೆ ಹಾಕುತ್ತಿದ್ದೆ. ಪ್ರಯಾಣಿಕರೆಲ್ಲ ಎದ್ದು ನಿಂತಿದ್ದರು. "ಇಂಥ ಮಾಮಾ ಯಾರಿಗೈತಿ!" ಎನ್ನುತ್ತಿದ್ದರು. ಪದ್ಮಶ್ರೀ ಎಲ್ಲಿಂದಲೋ ಜೋಕಾಲಿ ಜೀಕುತ್ತ ಬಂದು, ಮೋಡ ಮುಟ್ಟಿ, ತಿರುಗಿ ಹೋಗುತ್ತಿದ್ದಳು.

"ಬಸಣ್ಣಾ, ಎಮ್ಮಿ! ಎಮ್ಮಿ!" ಎಂದು ಮಾರ್ತಾಂಡ ಕೂಗಿದ. ಬ್ರೇಕು ಒತ್ತಿದೆ. ಎಮ್ಮೆ ನನ್ನನ್ನು ನೋಡಿ, ತನ್ನ ಏಕಾಗ್ರತೆ ಬಿಡದೆ, ರಸ್ತೆ ದಾಟಿತು.

ಖಾನಾಪುರ ಸ್ಟೇಷನ್ನು ನಾನು ಕಂಪ್ಯೂಟರಿನಲ್ಲಿ ಕಂಡಂತೆಯೇ ಇತ್ತು. ಜಿನುಗುವ ಮಳೆ, ತೊಯ್ದ ಪ್ಲಾಟ್‌ಫಾರ್ಮು. ಒಂದೇ ಕೊರತೆಯೆಂದರೆ ರೈಲು! ಹಳಿಗಳು ಎರಡೂ ಕಡೆ ಖಾಲಿಯಾಗಿ ಹೊಳೆಯುತ್ತಿದ್ದವು. ಬೆಂಚಿನ ಕೆಳಗೆ ನಾಯಿಯೊಂದು ಮಲಗಿತ್ತು. ಛತ್ರಿ ಹಿಡಿದು ಹೊರಟಿದ್ದ ರೈಲ್ವೆಯವನೊಬ್ಬನನ್ನು ಮಾರ್ತಾಂಡ ಮರಾಠಿಯಲ್ಲಿ ವಿಚಾರಿಸಿದ.

"ತೀ ಕೇವ್ಹಾಚ ಗೇಲಿ!" ಎಂದ ಅವನು.

"ಯಾವಾಗೋ ಹೋತಂತ, ಬಸಣ್ಣಾ," ಎಂದ ಮಾರ್ತಾಂಡ, ಸತ್ತ ಸುದ್ದಿ ಹೇಳುವವನಂತೆ.

"ಹೆಂಗ ಹೋಗತೈತ್ರಿ?" ನಾನು ಸಿಡಿದೆ. "ನಾ ಎರಡ ತಾಸ ಕಣ್ಣ ಕೀಳಲಾರದ ನೋಡೀನಿ! ಕಂಪ್ಯೂಟರ್‌ನ್ಯಾಗ ಗಾಡಿ ಇಲ್ಲೇ ನಿಂತೈತಿ!"

ರೈಲ್ವೆಯವನು ಖಾಲಿ ಹಳಿಯನ್ನು ನೋಡಿದ. ನನ್ನನ್ನು ನೋಡಿದ. ನನ್ನ ಕೈಯ ಮಾಲೆಯನ್ನು ನೋಡಿದ. ಆಮೇಲೆ ಅಚ್ಚಕನ್ನಡದಲ್ಲಿ, "ಹಂಗಾದ್ರ ಹತ್ತಿ ಕುಂದರ್ರಿ," ಎಂದು ಹೊರಟುಹೋದ.

ಮಾರ್ತಾಂಡ ಮನೆಗೆ ಫೋನು ಹಚ್ಚಿದ. ಹಚ್ಚಿದವನು ಬರೇ "ಹ್ಞೂಂ, ಹ್ಞೂಂ" ಎನ್ನುತ್ತ ಕುಗ್ಗುತ್ತ ಹೋದ. ರಾಧಾಬಾಯಿ ಹನ್ನೊಂದು ಇಪ್ಪತ್ತಕ್ಕೇ ಬೆಳಗಾವಿಯಲ್ಲಿ ಇಳಿದು, ತಾವೇ ಆಟೋ ಹಿಡಿದು ಮನೆ ಮುಟ್ಟಿ, ಈಗ ಅಳಿಯನ ಖುರ್ಚಿಯಲ್ಲಿ ಕುಳಿತು ಅಳಿಯನ ದಾರಿ ಕಾಯುತ್ತಿದ್ದರು.

ಅಂದರೆ ಗೌರೀಶನೂ ಇಳಿದಿದ್ದಾನೆ! ಮಾಲೆ ಇಲ್ಲ, ಮಾಮಾ ಇಲ್ಲ, ಬರೀ ಪ್ಲಾಟ್‌ಫಾರ್ಮು! ಹೆಂಡತಿಗೆ ಹಚ್ಚುವ ಧೈರ್ಯವಿಲ್ಲ. ಮಾರ್ತಾಂಡನ ಮೊಬೈಲಿನಿಂದ ಮಗಳಿಗೆ ಹಚ್ಚಿದೆ.

"ಸೃಷ್ಟಿ, ನಿನ್ನ ರೀಡಿಂಗ್ ಮೋಡ್ ಸುಳ್ಳ ಹೇಳತೈತಿ!"

"ರೈಲಿನ ಪುಟಾನ್ನ ರೀಡಿಂಗ್ ಮೋಡಿಗೆ ಹಾಕಿದ್ರೇನಪ್ಪಾ!" ಎಂದು ಅವಳು ಕಿರುಚಿದಳು. "ಅದು ಫೋಟೋ ತಗದಂಗ! ಒತ್ತಿದಾಗ ಹೆಂಗಿತ್ತೋ ಹಂಗ ನಿಂತಬಿಡತೈತಿ. ತಾನಾಗಿ ಬದಲ ಆಗೂದಿಲ್ಲ!"

"ಮತ್ತ ಒಂದು ನಿಮಿಷ ಅಂತ ತೋರಸ್ತಿತ್ತಲ್ಲವಾ?"

"ಅದು ಓದಾಕ ಎಷ್ಟ ಹೊತ್ತ ಬೇಕು ಅಂತ! ಒಂದ ನಿಮಿಷದ್ದನ್ನ ಎರಡ ತಾಸ ಓದೀರೇನು?"

ಬುದ್ಧಿವಂತರ ಮಕ್ಕಳಿಗೆ ಇಂಥ ಪ್ರಶ್ನೆ ಕೇಳುವ ಸಂದರ್ಭ ಬರಬಾರದು. "ಅವ್ವಗ ಮಾತ್ರ ಹೇಳಬ್ಯಾಡವಾ," ಎಂದು ಬೇಡಿಕೊಂಡೆ. ಆ ಕಡೆ ಒಂದು ಗಳಿಗೆ ಏನೋ ಪಿಸುಪಿಸು. ಆಮೇಲೆ, "ಹೇಳೂದಿಲ್ಲಪ್ಪಾ. ನೀವು ಅಲ್ಲೇ ನಿಂದರ್ರಿ. ಎಲ್ಲೂ ಹೋಗಬ್ಯಾಡ್ರಿ," ಎಂದಳು. ಎಂದೂ ಇಲ್ಲದ ವಿಧೇಯತೆ!

ನಿಂತೆ. ಹೋಗಲು ಮುಖವೂ ಇರಲಿಲ್ಲ. ಮಂಜು ಹಳಿಗಳ ಮೇಲೆ ಇಳಿಯುತ್ತಿತ್ತು. ಮಾಲೆಯ ಸೇವಂತಿಗೆಯೊಂದು ಕಳಚಿ ಬಿತ್ತು. ಅದನ್ನು ನೋಡುತ್ತ, ಇನ್ನು ಪ್ರತಿ ಪಂಚಮಿಗೆ ಮಾಳಿಗೆಯ ಬಟ್ಟೆಗಳನ್ನು ನಾನೇ ಮಡಚಬೇಕು ಎಂದುಕೊಂಡೆ. ಅದರಿಂದ ಏನೂ ಸರಿಹೋಗದು ಎಂಬುದೂ ಗೊತ್ತಿತ್ತು.

ಎರಡಕ್ಕೆ ಹತ್ತು ನಿಮಿಷ ಇರುವಾಗ ಬೆಳಗಾವಿಯ ಕಡೆಯಿಂದ ರೈಲೊಂದು ಬಂದು ನಿಂತಿತು. ಮೂರನೆಯ ಬೋಗಿಯಿಂದ ಮೊದಲು ಉಂಡಿಯ ಡಬ್ಬಿ ಇಳಿಯಿತು. ಅದರ ಹಿಂದೆ ಗೌರೀಶ!

ಯೋಚಿಸಲು ಹೊತ್ತೆಲ್ಲಿ? ಓಡಿಹೋಗಿ, ಡಬ್ಬಿಯ ಸಮೇತ ಅವನನ್ನು ಹಿಡಿದು, ಕೊರಳಿಗೆ ಮಾಲೆ ಹಾಕಿಬಿಟ್ಟೆ! ಅವನ ಸ್ವಂತ ಊರಿನಲ್ಲಿ, ಅವನ ಸ್ವಂತ ಸ್ಟೇಷನ್ನಿನಲ್ಲಿ, ಅವನನ್ನು ಸ್ವಾಗತಿಸಿದ ಮೊದಲ ಪರವೂರಿನವನು ನಾನೇ ಇರಬೇಕು. ಕಿಟಕಿಗಳಿಂದ ಜನ ಇಣುಕಿದರು. ಒಬ್ಬಾತ, "ಎಲೆಕ್ಷನ್ನಿಗೆ ನಿಂತಾರೇನ್ರಿ?" ಎಂದೂ ಕೇಳಿದ.

ಗೌರೀಶ ಕಣ್ಣರಳಿಸಿ ನಿಂತ. "ಮಾಮಾ! ನೀವಿಲ್ಲಿ! ನಾ ತಿರುಗಿ ಹೊಂಟದ್ದು ತಿಳಕೊಂಡು, ನನಗಿಂತ ಮೊದ್ಲ ಬಂದ ನಿಂತೀರೇನು? ನನ್ನ ಸಲುವಾಗಿ? ಇಷ್ಟ ದೂರ?" ಎಂದು ಕರವಸ್ತ್ರ ತೆಗೆದು ಕಣ್ಣು ಒತ್ತಿಕೊಂಡ.

ಸತ್ಯ ಹೇಳಬೇಕೆಂದು ಬಾಯಿ ತೆರೆದೆ. ಆದರೆ ಅದು ಮೂವತ್ತು ವರ್ಷ ವ್ಯಾಪಾರ ಮಾಡಿದ ಬಾಯಿ. ಗಿರಾಕಿ ತಾನಾಗಿ ಮೆಚ್ಚಿ ಎತ್ತಿಕೊಂಡ ಮಾಲಿನ ದೋಷ ಹೇಳಿ ಅದಕ್ಕೆ ಅಭ್ಯಾಸವಿಲ್ಲ.

"ಮಾಮಾ ಅಂದ ಮ್ಯಾಲೆ ಇಷ್ಟೂ ಮಾಡಲಿಲ್ಲಂದ್ರ ಹೆಂಗ?" ಎಂದೆ.

ಮಾರ್ತಾಂಡನಿಗೆ ಕೆಮ್ಮು ಬಂತು. ಬೆಳಗಾವಿಯವರೆಗೂ ನಿಲ್ಲಲಿಲ್ಲ.

ದಾರಿಯುದ್ದಕ್ಕೂ ಗೌರೀಶ ನನ್ನನ್ನು ಹೊಗಳಿದ. ನಾನು ಬೇಡ ಬೇಡ ಎನ್ನುತ್ತ, ಹೊಗಳಿಕೆ ನಿಂತಾಗಲೆಲ್ಲ ಕಾರಿನ ವೇಗ ತಗ್ಗಿಸುತ್ತಿದ್ದೆ. ಶಹಾಪುರ ಇಷ್ಟು ಬೇಗ ಬಂದದ್ದಕ್ಕೆ ಬೇಸರವೇ ಆಯಿತು. ಮನೆಯ ಬಾಗಿಲಲ್ಲಿ ಪದ್ಮಶ್ರೀ ಆರತಿ ಹಿಡಿದು ನಿಂತಿದ್ದಳು. ತಮ್ಮ ಹೊಸ್ತಿಲ ಮೇಲೆ ಕಾಲಿಟ್ಟ. ಅವಳು ಅವನಿಗೆ ಎರಡೆರಡು ಸಲ ಆರತಿ ಎತ್ತಿದಳು. ನಾಲ್ಕು ವರ್ಷದ ಮೋಡ ಕರಗಿ ಇಡೀ ಪಡಸಾಲೆ ಬೆಳಗಿತು. ಅದರ ನಡುವೆ ನಾನು ವಿಜಯಿಯಾಗಿ ನಿಂತಿದ್ದೆ!

ನೀರು ತರೋಣವೆಂದು ಒಳಗೆ ಹೋದವನಿಗೆ ಬಾಗಿಲ ಆಚೆಯಿಂದ ಮಾತು ಕೇಳಿಸಿತು.

"ಛಂದ ಮಾಡಿದೇನೋ ತಮ್ಮಾ?"

"ನೀ ಹೇಳಿದ್ದಷ್ಟೂ ಮಾಡೀನಕ್ಕಾ. ಗಾಬರಿ ಆದೆ, ಕಣ್ಣರಳಿಸಿದೆ, 'ಇಷ್ಟ ದೂರ' ಅಂದೆ. ಕರವಸ್ತ್ರ ಮಾತ್ರ ನನ್ನ ಕಡಿಂದ."

ತಂಬಿಗೆ ನನ್ನ ಕೈಯಿಂದ ಜಾರಿತು. ಇಬ್ಬರೂ ತಿರುಗಿ ನೋಡಿದರು.

"ಹಂಗಾದ್ರ..." ಎಂದೆ.

"ಹಂಗ!" ಎಂದಳು ಪದ್ಮಶ್ರೀ. "ಇಂವಗ ಫೋನ್ ಹಚ್ಚಿದ್ರ ಬೆಳಗಾವಿ ಸ್ಟೇಷನ್ನಿನ್ಯಾಗ ಡಬ್ಬಿ ಹಿಡಕೊಂಡ, ತಿರುಗಿ ಹೋಗೂ ಗಾಡಿ ಕಾಯಕೋತ ಕುಂತೀನಿ ಅಂದ. ಅಂಗಡಿಗೆ ಹಚ್ಚಿದ್ರ ಸಿದ್ದಪ್ಪಜ್ಜ, ಸಾಹುಕಾರ್ರು ಮಾಲಿ ತಗೊಂಡ ಖಾನಾಪುರಕ ಹೋದ್ರು ಅಂದ. ಇಂವ ಆಣಿ ಮುರಿಯಾಂವಲ್ಲ. ನಿಮ್ಮ ಮೊಬೈಲ್ ತಲಿದಿಂಬಿನ್ಯಾಗ. ಮಾಲಿ ಇಲ್ಲಿಗೆ ಬರೂದಿಲ್ಲಂದ ಮ್ಯಾಲೆ ಏನ ಮಾಡೂದು? ಕೊರಳನ್ನ ಅಲ್ಲಿಗೆ ಕಳಿಸಿದೆ!"

"ಸಿಟ್ಟ ಬಂದಿತ್ತು ಮಾಮಾ, ಖರೇ," ಎಂದ ಗೌರೀಶ, ಡಬ್ಬಿಯ ಮುಚ್ಚಳ ತೆಗೆದು ನನ್ನ ಕೈಗೆ ಒಂದು ಎಳ್ಳುಂಡಿ ಇಡುತ್ತ. "ಆದ್ರ ರೈಲ ಇಲ್ಲದ ಸ್ಟೇಷನ್ನಿನ್ಯಾಗ ಮಾಲಿ ಹಿಡಕೊಂಡ ನಿಂತ ಮನುಷ್ಯಾನ ಮ್ಯಾಲೆ ಎಷ್ಟೊತ್ತಂತ ಸಿಟ್ಟ ಮಾಡೂದು?"

ಇನ್ನು ಉಳಿದದ್ದು ಶಾಸ್ತ್ರ. ಕರೆಯಲು ಬಂದವನು ಮನೆಯ ಯಜಮಾನನನ್ನು ಕೇಳಬೇಕು, ಯಜಮಾನ ಒಪ್ಪಬೇಕು. ಗೌರೀಶ ಕೈ ಮುಗಿದು, "ಮಾಮಾ, ಅಕ್ಕನ್ನ ಪಂಚಮಿಗೆ ಕಳಸಿಕೊಡ್ರಿ," ಎಂದ. ಹೋದ ಮಾನವನ್ನು ಒಂದಿಷ್ಟಾದರೂ ಹಿಂದಕ್ಕೆ ತರುವ ಅವಕಾಶ! ಗಂಟಲು ಸರಿಪಡಿಸಿಕೊಂಡು, ಬಾಂಧವ್ಯವೆಂದರೇನು, ಮಾನವೆಂದರೇನು, ಕರೆಯುವವನ ಧರ್ಮವೇನು, ಕಳಿಸುವವನ ಧರ್ಮವೇನು ಎಂದು ಮಾತು ಶುರು ಮಾಡಿದೆ. ಒಳ್ಳೆಯ ಮಾತುಗಳೇ ಬಂದವು. ಕಣ್ಣು ಮುಚ್ಚಿ, ತನ್ಮಯನಾಗಿ, ನಾಲ್ಕೈದು ನಿಮಿಷ ಹೇಳಿರಬೇಕು. ಕಣ್ಣು ತೆರೆದರೆ ಪಡಸಾಲೆಯಲ್ಲಿ ಸೃಷ್ಟಿಯೊಬ್ಬಳೇ ಉಂಡಿ ತಿನ್ನುತ್ತ ಕುಳಿತಿದ್ದಳು. ಬ್ಯಾಗೂ ಇರಲಿಲ್ಲ.

ಹೊರಗೆ ಕಾರಿನ ಸದ್ದಾಯಿತು. ನನ್ನ ಕಾರು! ಓಡಿದೆ. ಗೌರೀಶ ಸ್ಟೇರಿಂಗ್ ಹಿಡಿದಿದ್ದ. ಹೊಸ ಇಳಕಲ್ ಸೀರೆಯುಟ್ಟು ಪಕ್ಕದಲ್ಲಿ ಕುಳಿತ ಪದ್ಮಶ್ರೀ, ಮದುವೆಯಾದ ವರ್ಷದಲ್ಲಿ ನಗುತ್ತಿದ್ದಳಲ್ಲ, ಹಾಗೆ ನಗುತ್ತಿದ್ದಳು.

"ನನ್ನ ಮಾತ ಇನ್ನೂ ಮುಗಿದಿಲ್ಲ!"

"ಅದರಾಗ ಮುಖ್ಯವಾದದ್ದು ಕೇಳಸ್ತು. ಹೋಗಿ ಬಾ ಅಂದ್ರಿ," ಎಂದಳು. "ಹಬ್ಬ ಮುಗಿದ ಮ್ಯಾಲೆ ವಾಪಸ್ ಕರಿಯಾಕ ನೀವ ಬರಬೇಕು. ಅದೂ ಶಾಸ್ತ್ರನ."

"ಕಾರ್ ನೀವ ಒಯ್ದ್ರ ನಾ ಹೆಂಗ ಬರಲಿ?"

"ರೈಲಿಗೆ ಬರ್ರಿ. ಸ್ಟೇಷನ್ನಿಗೆ ಗೌರೀಶ ಬಂದಿರ್ತಾನ."

ಕಾರು ಮುಂದಕ್ಕೆ ಸರಿಯಿತು. ನನ್ನ ಮುಖದಲ್ಲಿ ಏನು ಕಂಡಳೋ, ಕಿಟಕಿಯಿಂದ ತಲೆ ಹೊರಹಾಕಿ ಕೂಗಿ ಧೈರ್ಯ ಹೇಳಿದಳು.

"ಚಿಂತಿ ಮಾಡಬ್ಯಾಡ್ರಿ, ಹೊತ್ತಿಗೆ ಸರಿಯಾಗಿ ಬರ್ತಾನ! ಅಂವನ ಹತ್ರ ಕಂಪ್ಯೂಟರ್ ಇಲ್ಲ!"